ಸೀರೆ ಉಟ್ಟ ಗಂಡಸು, ನಮ್ಮ ನಗೆ

ಗಂಡಸು ಸೀರೆ ಉಟ್ಟು ರಂಗದ ಮೇಲೆ ಬಂದರೆ ನಮಗೇಕೆ ನಗೆ ಬರುತ್ತದೆ? ಹೆಂಗಸು ಮೀಸೆ ಅಂಟಿಸಿಕೊಂಡು ಬಂದರೆ ಆ ನಗೆ ಬರುವುದಿಲ್ಲವಲ್ಲ! ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಕಂಸನಾಗಿ ಅಬ್ಬರಿಸಿದಾಗ ಜನ ಬೆರಗಿನಿಂದ ನೋಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಬರಬೇಕಾದದ್ದೇ. ಆದರೆ ಈ ಎರಡು ಬಗೆಯ ನೋಟವನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಣ್ಣು ಗಂಡಾದರೆ ಮೆಟ್ಟಿಲು ಹತ್ತಿದಂತೆ, ಗಂಡು ಹೆಣ್ಣಾದರೆ ಜಾರಿ ಬಿದ್ದಂತೆ. ಜಾರಿ ಬಿದ್ದವರನ್ನು ಕಂಡರೆ ನಗು ಬರುವುದು ಸಹಜ. ಹಾಗಾದರೆ ನಾವು ನಿಂತಿರುವ ನೆಲ ಅಷ್ಟು ಕೆಳಗಿದೆಯೇ?

ನಮ್ಮ ರಾಯಚೂರು ಸೀಮೆಯಲ್ಲಿ ಈ ನಗೆ ಮೊದಲಿನಿಂದ ಇದ್ದದ್ದಲ್ಲ. ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣೆಯ ದಂಡೆಯ ಊರು, ಅಲ್ಲಮಪ್ರಭುವಿನ ಗುಡಿಯಿರುವ ಊರು. ಇಂಥ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟವೆಂದರೆ ಬೆಳಗಿನ ತನಕ. ಹಗಲೆಲ್ಲ ಹೊಲದಲ್ಲಿ ಕುಂಟೆ ಹೊಡೆದವನೇ ರಾತ್ರಿ ಮುಖಕ್ಕೆ ಬಣ್ಣ ಬಳಿದುಕೊಂಡು ದ್ರೌಪದಿಯಾಗುತ್ತಿದ್ದ. ಅವನು ಯಾರ ಮಗ, ಯಾರ ಗಂಡ ಎಂಬುದು ಕೂತವರಿಗೆಲ್ಲ ಗೊತ್ತು. ಆದರೂ ಸಭೆಯಲ್ಲಿ ಆ ದ್ರೌಪದಿಯ ಮುಡಿಗೆ ಕೈ ಬಿದ್ದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸೀರೆಯೊಳಗಿನ ಗಂಡಸು ಅವರಿಗೆ ಕಾಣುತ್ತಿರಲಿಲ್ಲ, ಸೀರೆ ಉಟ್ಟವಳ ಸಂಕಟ ಕಾಣುತ್ತಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಗಂಡಸು ದ್ರೌಪದಿಯಾದದ್ದು ನಮಗೆ ರಂಗದ ಬಾಗಿಲು ಮುಚ್ಚಿದ್ದರಿಂದ. ಮರಾಠಿ ರಂಗದ ಬಾಲಗಂಧರ್ವರು ಉಟ್ಟ ಸೀರೆ, ತೊಟ್ಟ ಒಡವೆಯನ್ನು ಸಿರಿವಂತರ ಮನೆಯ ಹೆಣ್ಣುಮಕ್ಕಳು ಅನುಕರಿಸುತ್ತಿದ್ದರಂತೆ. ಹೆಣ್ಣಿನ ಚೆಲುವು ಹೇಗಿರಬೇಕೆಂದು ಗಂಡಸೊಬ್ಬ ಹೇಳಿಕೊಟ್ಟು, ಹೆಣ್ಣು ಕಲಿತಳು! ಮುಂದೆ ಅದೇ ಬಾಲಗಂಧರ್ವರ ಜೊತೆ ರಂಗಕ್ಕೆ ಬಂದು ಸ್ತ್ರೀಪಾತ್ರ ವಹಿಸಿದವರು ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಏಣಗಿ ಬಾಳಪ್ಪನವರೂ ಹುಡುಗನಾಗಿದ್ದಾಗ ಸ್ತ್ರೀಪಾತ್ರದಿಂದಲೇ ಬಣ್ಣದ ಬದುಕಿಗೆ ಬಂದವರು. 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕನ್ನಡ ರಂಗದಿಂದ ಗಂಡಸಿನ ಸೀರೆ ಸರಿದು ಹೋಗಿ ಹೆಣ್ಣಿನ ಕಾಲ ಬಂದದ್ದನ್ನು ಅವರ ಒಂದೇ ಆಯುಷ್ಯ ಕಂಡಿತು.

ಹೆಣ್ಣು ರಂಗಕ್ಕೆ ಬಂದಳು, ಒಳ್ಳೆಯದೇ ಆಯಿತು. ಆದರೆ ಖಾಲಿಯಾದ ಆ ಗಂಡಸಿನ ಸೀರೆ ಎಲ್ಲಿಗೆ ಹೋಯಿತು? ಹಾಸ್ಯಕ್ಕೆ ಹೋಯಿತು. ಇದು ಸ್ಪಷ್ಟವಾಗಿ ಕಾಣುವುದು ಡಿಸ್ಕೋ ಕಾಲದಲ್ಲಿ, ಅಂದರೆ ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದವರೆಗೆ. 1980ರಲ್ಲಿ 'ಕುರ್ಬಾನಿ', 1982ರಲ್ಲಿ 'ಡಿಸ್ಕೋ ಡ್ಯಾನ್ಸರ್' ಬಂದವು. ಕ್ಯಾಸೆಟ್ಟುಗಳು ಹಳ್ಳಿಯ ಚಹಾದಂಗಡಿಯವರೆಗೆ ಬಂದವು. ಜಾತ್ರೆಯ ಟೆಂಟುಗಳಲ್ಲಿ ರೆಕಾರ್ಡ್ ಡ್ಯಾನ್ಸ್, ನಾಟಕದ ನಡುವೆ ಕ್ಯಾಬರೆ. ಮಿನುಗುವ ಉಡುಪಿನ ಹುಡುಗಿ ನೋಡುವ ಸರಕಾದಳು, ಸೀರೆ ಉಟ್ಟ ಗಂಡಸು ನಗುವ ಸರಕಾದ. 1981ರ 'ಲಾವಾರಿಸ್' ಚಿತ್ರದ ಹಾಡನ್ನೇ ತೆಗೆದುಕೊಳ್ಳಿ. ಅಮಿತಾಭ್ ಬಚ್ಚನ್ ಒಬ್ಬರೇ ಒಂದಾದ ಮೇಲೊಂದು ಹೆಣ್ಣುವೇಷ ಹಾಕಿ ಬಗೆಬಗೆಯ ಹೆಂಡತಿಯರಾಗುತ್ತಾರೆ: ಎತ್ತರದವಳು, ದಪ್ಪನೆಯವಳು, ಕಪ್ಪನೆಯವಳು, ಗಿಡ್ಡಿ. ಮದುವೆ ಮನೆಗಳಲ್ಲಿ ಆ ಹಾಡಿಗೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ಹೆಣ್ಣು ನೋಡಲು ಬಂದವರು ನಮ್ಮನ್ನು ಅಳೆಯುವ ಪಟ್ಟಿಯೇ ಅಲ್ಲಿ ಹಾಡಾಗಿದೆ ಎಂಬುದು ಎಷ್ಟು ಜನಕ್ಕೆ ಹೊಳೆಯಿತು?

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಡಿಸ್ಕೋ ಹುಟ್ಟಿದ ಅಮೆರಿಕದಲ್ಲಿ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಕರಿಯರು, ಸಲಿಂಗಿಗಳು, ಹೆಣ್ಣುವೇಷದ ಕಲಾವಿದರು ಮುಂದಿನ ಸಾಲಿನಲ್ಲಿದ್ದರು. ಸಿಲ್ವೆಸ್ಟರ್ ಎಂಬ ಗಾಯಕ ಚಿಕ್ಕಂದಿನಲ್ಲಿ ಲಾಸ್ ಏಂಜಲೀಸಿನ ಚರ್ಚಿನಲ್ಲಿ ಭಕ್ತಿಗೀತೆ ಹಾಡಿ ಬೆಳೆದವರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಣ್ಣಿನ ಉಡುಗೆಯಲ್ಲಿ ರಂಗವೇರಿ, 1978ರಲ್ಲಿ ಒಂದು ಹಾಡಿನಿಂದ ಜಗತ್ತನ್ನೇ ಕುಣಿಸಿದರು. 1988ರ ಡಿಸೆಂಬರಿನಲ್ಲಿ ಏಡ್ಸ್ ಅವರನ್ನು ಒಯ್ದಿತು. ಹೊರಗೆ ತಲೆ ಎತ್ತಿ ಓಡಾಡಲು ಆಗದವರಿಗೆ ಆ ಕುಣಿತದ ಅಂಗಳ ಉಸಿರಾಡುವ ಜಾಗವಾಗಿತ್ತು. ನಮ್ಮಲ್ಲಿಗೆ ಡಿಸ್ಕೋದ ದೀಪ ಬಂತು, ತಾಳ ಬಂತು, ಮಿನುಗುವ ಬಟ್ಟೆ ಬಂತು. ಅದರ ಹಿಂದಿದ್ದ ಈ ಮನುಷ್ಯರ ಕಥೆ ಮಾತ್ರ ಬರಲಿಲ್ಲ.

ಹಾಗಾದರೆ ಅಂಥ ಮನುಷ್ಯರು ನಮ್ಮಲ್ಲಿ ಇರಲಿಲ್ಲವೇ? ಇದ್ದರು, ನಮ್ಮ ಮನೆ ಬಾಗಿಲಿಗೇ ಬರುತ್ತಿದ್ದರು. ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿ, ಹುಲಿಗೆಮ್ಮನ ಸನ್ನಿಧಿಯಲ್ಲಿ 1975ರಲ್ಲಿ ಬಳ್ಳಾರಿ ಸೀಮೆಯ ಮಂಜುನಾಥ ಎಂಬ ಹುಡುಗನಿಗೆ ಮುತ್ತು ಕಟ್ಟಿದರು. ಆ ಹುಡುಗನೇ ಮಂಜಮ್ಮ ಜೋಗತಿ. ಮನೆ ದೂರವಾಯಿತು, ಹೊಟ್ಟೆಪಾಡಿಗೆ ಭಿಕ್ಷೆ ಬೇಡಬೇಕಾಯಿತು, ಸಾಯಲು ಹೋಗಿ ಬದುಕಿದ್ದೂ ಆಯಿತು. ಕಾಳವ್ವ ಜೋಗತಿಯ ತಂಡ ಸೇರಿ, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕಿದರು. ಊರೆಲ್ಲ ಡಿಸ್ಕೋ ಕ್ಯಾಸೆಟ್ಟು ಕೇಳುತ್ತಿದ್ದ ವರ್ಷಗಳವು. ಆ ಕೊಡ ಬೀಳದಂತೆ ಕುಣಿಯುವುದು ಎಷ್ಟು ಕಷ್ಟವೆಂದು, ದಿನವೂ ನೀರಿನ ಕೊಡ ಹೊತ್ತ ನಮಗಿಂತ ಚೆನ್ನಾಗಿ ಯಾರು ಬಲ್ಲರು?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬಯಲಾಟದ ದ್ರೌಪದಿ ಬೆಳಗಾದರೆ ಬಣ್ಣ ತೊಳೆದು ಗಂಡಸಾಗಿ ಹೊಲಕ್ಕೆ ಹೋಗುತ್ತಾನೆ. ಸಿನಿಮಾದ ನಟ ಸೀರೆ ಕಳಚಿ ಮತ್ತೆ ನಾಯಕನಾಗುತ್ತಾನೆ. ಮಂಜಮ್ಮನವರದು ವೇಷವಲ್ಲ, ಅವರ ಬಾಳು ಅದು. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಆದರೆ ನಗೆಗೆ ಆ ಭೇದ ಗೊತ್ತಿಲ್ಲ. ತೆರೆಯ ಮೇಲಿನ ಸೀರೆಗೆ ನಕ್ಕು ರೂಢಿಯಾದ ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಜೋಗತಿಗೂ ನಗುತ್ತಾರೆ, ಶಿಳ್ಳೆ ಹಾಕುತ್ತಾರೆ. ನಟನಿಗೆ ಸಂಭಾವನೆ ಸಿಕ್ಕಿತು, ಬೆಲೆ ತೆತ್ತವಳು ಜೋಗತಿ.

ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ನಮ್ಮ ಮನೆಗಳಲ್ಲಿ ಅಜ್ಜಿಯರು ಮಕ್ಕಳಿಗೆ ಮಾಡುವ ಹಾಗೆಯೇ! ಆ ದಿನ ಯಾರೂ ನಗಲಿಲ್ಲ. ಅವರ ಆತ್ಮಕಥೆಯ ಹೆಸರು 'ನಡುವೆ ಸುಳಿವ ಹೆಣ್ಣು', ಜೇಡರ ದಾಸಿಮಯ್ಯನ ವಚನವನ್ನು ನೆನಪಿಸುವ ಹೆಸರು. ಒಳಗಿರುವ ಆತ್ಮಕ್ಕೆ ಹೆಣ್ಣು ಗಂಡೆಂಬುದಿಲ್ಲ ಎಂದು ನಮ್ಮ ಶರಣರು ಹೇಳಿ ಎಂಟುನೂರು ವರ್ಷಗಳ ಮೇಲಾಯಿತು. ಪ್ರಭುವಿನ ಗುಡಿಯಿರುವ ಗೂಗಲ್ಲಿನವರಿಗಂತೂ ಇದು ಹೊಸ ಮಾತಾಗಬಾರದು.

ನಗಲೇಬಾರದು ಎಂದು ನಾನು ಹೇಳುತ್ತಿಲ್ಲ, ನಗೆಯಿಲ್ಲದ ಜಾತ್ರೆ ಇದೆಯೇ? ಇಷ್ಟು ಮಾಡೋಣ. ಇನ್ನೊಮ್ಮೆ ರಂಗದ ಮೇಲೋ ಟೀವಿಯಲ್ಲೋ ಗಂಡಸೊಬ್ಬ ಸೀರೆ ಉಟ್ಟು ಬಂದರೆ ಅವನು ಏನನ್ನು ತೋರಿಸಿ ನಗಿಸುತ್ತಿದ್ದಾನೆಂದು ಗಮನವಿಟ್ಟು ನೋಡೋಣ. ಅವನು ಚೆನ್ನಾಗಿ ಅಭಿನಯಿಸಿದ್ದರೆ ಮನಸಾರೆ ಮೆಚ್ಚೋಣ. ನಮ್ಮ ಮೈಬಣ್ಣ, ನಮ್ಮ ಗಾತ್ರ, ನಮ್ಮ ನಡಿಗೆಯನ್ನೇ ಆಡಿಕೊಂಡು ನಗಿಸಲು ಹೊರಟಿದ್ದರೆ, ಪಕ್ಕದವರು ಎಷ್ಟೇ ನಕ್ಕರೂ ಸರಿ, ನಾವು ಸುಮ್ಮನೆ ಕೂತಿರೋಣ.