ಡಿಕಾಕ್ಷನ್ನಿನ ಹದ: ಪುಡಿ, ನೀರು, ಹಾಲುಗಳ ಲೆಕ್ಕ

ದಕ್ಷಿಣ ಭಾರತದ ಮನೆಗಳ ಫಿಲ್ಟರ್ ಕಾಫಿಯಲ್ಲಿ ಎರಡು ಅಳತೆಗಳು ಅಡಗಿವೆ. ಪುಡಿಗೆ ಸುರಿಯುವ ನೀರಿನದು ಮೊದಲನೆಯದು, ಇಳಿದ ಡಿಕಾಕ್ಷನ್ನಿಗೆ ಬೆರೆಸುವ ಹಾಲಿನದು ಎರಡನೆಯದು. ಇವೆರಡನ್ನೂ ಒಂದೇ ಎಂದು ಭಾವಿಸುವ ಹೊಸಬರು ಕಾಫಿ ಕಹಿಯಾದಾಗ ಪುಡಿಯನ್ನು ಕಡಿಮೆ ಮಾಡಿ, ನೀರನ್ನು ಮಾತ್ರ ಮೊದಲಿನಷ್ಟೇ ಹಾಕುತ್ತಾರೆ. ಆಗ ಇದ್ದಷ್ಟು ಪುಡಿಯಿಂದಲೇ ಹೆಚ್ಚು ಸಾರ ಹಿಂಡಿ ಬರುವುದರಿಂದ ಲೋಟದ ಕಾಫಿ ತೆಳುವೂ ಆಗುತ್ತದೆ, ಒಗರೂ ಆಗುತ್ತದೆ.

ಇದನ್ನು ಅರಿಯಲು ಗಟ್ಟಿತನವನ್ನೂ ಸಾರದ ಇಳಿಕೆಯನ್ನೂ ಬೇರೆಯಾಗಿ ನೋಡಬೇಕು. ಲೋಟದಲ್ಲಿರುವ ದ್ರವದಲ್ಲಿ ಎಷ್ಟು ಕಾಫಿ ಕರಗಿದೆ ಎಂಬುದು ಗಟ್ಟಿತನ. ಹಾಕಿದ ಪುಡಿಯಲ್ಲಿ ಎಷ್ಟು ಪಾಲು ಕರಗಿ ಹೊರಬಂದಿದೆ ಎಂಬುದು ಇಳಿಕೆ. ಅಮೆರಿಕದ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ಈ ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸಿದರು. ಪುಡಿಯ ತೂಕದ ಶೇ. 18ರಿಂದ 22ರಷ್ಟು ಕರಗಿದಾಗ ರುಚಿ ಹದವಾಗಿರುತ್ತದೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಅಲ್ಲಿ ಬಳಕೆಯಲ್ಲಿರುವ, ಲೀಟರ್ ನೀರಿಗೆ ಸುಮಾರು 55 ಗ್ರಾಂ ಪುಡಿ ಎಂಬ ಲೆಕ್ಕ ಹಾಲಿಲ್ಲದ ಕಾಫಿಯದು. ಹಾಲಿನ ಭಾರವನ್ನು ತಾಳಿಕೊಂಡೂ ಘಮ ಉಳಿಸಿಕೊಳ್ಳಬೇಕಾದ ಡಿಕಾಕ್ಷನ್ನಿಗೆ ಅದು ಏನೇನೂ ಸಾಲದು.

ಮೂವರಿಗೆ ಕಾಫಿ ಮಾಡಲು 30 ಗ್ರಾಂ ಪುಡಿಗೆ 150 ಮಿಲಿಲೀಟರ್ ನೀರು, ಅಂದರೆ ಒಂದಕ್ಕೆ ಐದು, ಒಳ್ಳೆಯ ಆರಂಭ. ಪುಡಿಯು ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಚರಟದಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಕೆಳಗಿನ ಪಾತ್ರೆಗೆ ಇಳಿಯುವುದು ಹೆಚ್ಚೂಕಡಿಮೆ 90 ಮಿಲಿಲೀಟರ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತೆಂದು ಮತ್ತೆ ನೀರು ಸುರಿದರೆ ಇಳಿಯುವುದು ಎರಡನೆಯ ಡಿಕಾಕ್ಷನ್, ಅದನ್ನು ಮೊದಲನೆಯದರೊಂದಿಗೆ ಬೆರೆಸದಿರುವುದೇ ಲೇಸು. ಅಳತೆಗೆ ಚಮಚಕ್ಕಿಂತ ತಕ್ಕಡಿ ನಂಬಿಕಸ್ಥ, ಏಕೆಂದರೆ ಹೆಚ್ಚು ಹುರಿದ ಬೀಜ ಉಬ್ಬಿ ಹಗುರವಾಗುವುದರಿಂದ ಅದರ ಒಂದು ಚಮಚ ಪುಡಿ ಕಡಿಮೆ ತೂಗುತ್ತದೆ.

ಚಿಕೋರಿ ಈ ಲೆಕ್ಕವನ್ನು ಬದಲಿಸುತ್ತದೆ. ಹುರಿದು ಪುಡಿ ಮಾಡಿದ ಈ ಬೇರಿನಲ್ಲಿ ಕೆಫೀನ್ ಇಲ್ಲ, ಆದರೆ ಕಾಫಿಗಿಂತ ಹೆಚ್ಚು ಕರಗುವ ಇದು ಡಿಕಾಕ್ಷನ್ನಿಗೆ ಕಪ್ಪು ಬಣ್ಣವನ್ನೂ ಮಂದತೆಯನ್ನೂ ಕೊಟ್ಟು, ಹನಿ ಇಳಿಯುವ ವೇಗವನ್ನು ತಗ್ಗಿಸುತ್ತದೆ. ಹೀಗಾಗಿ ಅಂಗಡಿಯವರು 60-40 ಎನ್ನುವ ಮಿಶ್ರಣದ ಬಣ್ಣವನ್ನು ನೋಡಿ ಕಾಫಿ ಗಟ್ಟಿಯಾಗಿದೆ ಎಂದುಕೊಳ್ಳುವವರು ಮೋಸ ಹೋಗುತ್ತಾರೆ. ಕಾಫಿಯ ರುಚಿಯನ್ನೇ ಅರಿಯಬೇಕೆನ್ನುವವರು 80-20ರಿಂದ, ಇಲ್ಲವೇ ಚಿಕೋರಿಯಿಲ್ಲದ ಪೀಬೆರಿ ಪುಡಿಯಿಂದ ಆರಂಭಿಸುವುದು ಒಳಿತು. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬಲಿತು ದುಂಡಗಾದಾಗ ಅದನ್ನು ಪೀಬೆರಿ ಎನ್ನುತ್ತಾರೆ.

ಪುಡಿಯನ್ನು ಸಮನಾಗಿ ಹರಡಿ, ಬಿಲ್ಲೆಯಿಂದ ಮೆಲ್ಲಗೆ ಅದುಮಿ, ಕುದಿ ಇಳಿದ ನೀರನ್ನು ಸುತ್ತಲೂ ನಿಧಾನವಾಗಿ ಸುರಿದು ಮುಚ್ಚಿಡಬೇಕು. ಎತ್ತರದ ಊರಾದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಹೆಚ್ಚು ಕಾಯಬೇಕಿಲ್ಲ. ಐದೇ ನಿಮಿಷದಲ್ಲಿ ನೀರೆಲ್ಲ ಇಳಿದುಹೋದರೆ ಪುಡಿ ದಪ್ಪವಾಗಿದೆ ಅಥವಾ ಸಡಿಲವಾಗಿದೆ. ಗಂಟೆ ಕಳೆದರೂ ನಿಂತಿದ್ದರೆ ಅತಿ ನುಣುಪಾಗಿದೆ ಅಥವಾ ಬಿಲ್ಲೆಯ ಒತ್ತಡ ಹೆಚ್ಚಾಗಿದೆ. ಈ ದೋಷಗಳನ್ನು ನೀರಿನ ಅಳತೆ ಬದಲಿಸಿ ಸರಿಪಡಿಸಲು ಬರುವುದಿಲ್ಲ.

ಹದವನ್ನು ಪರೀಕ್ಷಿಸಲು ಒಂದು ಚಮಚ ಡಿಕಾಕ್ಷನ್ನಿಗೆ ಮೂರು ಚಮಚ ಬಿಸಿನೀರು ಬೆರೆಸಿ, ಸಕ್ಕರೆಯಿಲ್ಲದೆ ಬಾಯಲ್ಲಿ ಹೊರಳಿಸಬೇಕು. ಚುರುಕಾದ ಹುಳಿ ಮಾತ್ರ ತೋರಿ ರುಚಿ ಟೊಳ್ಳೆನಿಸಿದರೆ ಸಾರ ಪೂರ್ತಿ ಇಳಿದಿಲ್ಲ, ನಾಲಗೆ ಒಣಗಿಸುವ ಒಗರು ಗಂಟಲಲ್ಲಿ ಉಳಿದರೆ ಅತಿಯಾಗಿ ಇಳಿದಿದೆ. ಇದು ಸರಿಹೋದ ಮೇಲೆಯೇ ಹಾಲಿನ ಮಾತು: ಒಂದು ಪಾಲು ಡಿಕಾಕ್ಷನ್ನಿಗೆ ಮೂರು ಪಾಲು ಬಿಸಿ ಹಾಲಿನಿಂದ ತೊಡಗಿ, ಸ್ಟ್ರಾಂಗ್ ಬೇಕಾದವರಿಗೆ ಎರಡಕ್ಕೆ ಇಳಿಸಿ, ಲೈಟ್ ಬೇಕಾದವರಿಗೆ ನಾಲ್ಕಕ್ಕೆ ಏರಿಸಬಹುದು. ಪುಡಿಗೂ ನೀರಿಗೂ ಒಮ್ಮೆ ಕೂಡಿಬಂದ ಒಂದಕ್ಕೆ ಐದರ ಲೆಕ್ಕವನ್ನು ಇವರಾರಿಗಾಗಿಯೂ ಕದಲಿಸಬೇಕಾಗಿಲ್ಲ.