ಕಾವಿಪುಡಿಯೊಳಗಿನ ಖಾಲಿ ಜಾಗ

ಲಿಥಿಯಮ್-ಅಯಾನ್ ಬ್ಯಾಟರಿಯ ಆನೋಡಿಗೆ ಕಡ್ಡಿಯಾಕಾರದ ಕಣ ಮೇಲೋ, ಚೆಂಡಿನಾಕಾರದ್ದು ಮೇಲೋ ಎಂಬ ವ್ಯಾಜ್ಯವನ್ನು ಈ ವಾರ ತೀರಿಸುತ್ತೇನೆ ಎಂದಿದ್ದೆ. ಆದರೆ ಮೇಜಿನ ಮೇಲಿರುವ ಎರಡು ಸೀಸೆಗಳು ಬೇರೆಯದೇ ಮಾತಾಡುತ್ತಿವೆ. ಎರಡರಲ್ಲೂ ಒಂದೊಂದು ಗ್ರಾಂ ಕಬ್ಬಿಣದ ಆಕ್ಸೈಡ್, ಅಂದರೆ ನಮ್ಮ ಕಾವಿಯ ಕೆಂಪು. ಮೊದಲನೆಯದರಲ್ಲಿ ಮೈಕ್ರಾನ್ ಗಾತ್ರದ ದುಂಡು ಕಣಗಳು. ನಾಲ್ಕು ಸಲ ಕುಟ್ಟಿದರೆ ತಳ ಹಿಡಿದು ಗಟ್ಟಿಯಾಗಿ ಕೂರುತ್ತವೆ. ಎರಡನೆಯದರಲ್ಲಿ ನ್ಯಾನೊ ಎಸಳುಗಳ ಹೂಗಳು. ಎಷ್ಟು ಕುಟ್ಟಿದರೂ ಮಂಡಕ್ಕಿಯಂತೆ ಸೀಸೆಯ ಕತ್ತಿನವರೆಗೆ ಉಬ್ಬಿಕೊಂಡೇ ಇರುತ್ತವೆ.

ಹೂವಿನ ಪಂಥದವರ ಜೊತೆ ನನ್ನ ತಕರಾರು ಹಳೆಯದು. ಅವರ ಲೆಕ್ಕವೆಲ್ಲ ಗ್ರಾಂನಲ್ಲಿ: ಆನೋಡಿಗೆ ಸಾಮಾನ್ಯವಾಗಿ ಬಳಸುವ ಗ್ರಾಫೈಟ್‌ಗೆ 372 ಮಿಲಿಆಂಪ್-ಗಂಟೆ, ಈ ಕೆಂಪು ಪುಡಿಗೆ ಸಿದ್ಧಾಂತದಲ್ಲಿ 1007. ಆದರೆ ಸೆಲ್ಲಿನ ಡಬ್ಬಿಯಲ್ಲಿ ಜಾಗಕ್ಕೂ ಲೆಕ್ಕವಿದೆ. ಮೊನ್ನೆ ಆ ಹೂಪುಡಿಯಿಂದ ಸ್ಲರಿ ಕಲಸಿದೆ. ದ್ರಾವಕವನ್ನು ಹೀರಿದ್ದೇ ಹೀರಿದ್ದು, ಮತ್ತೆ ಮತ್ತೆ ಸುರಿಯಬೇಕಾಯಿತು. ತಾಮ್ರದ ಫಾಯಿಲ್ ಮೇಲೆ ಬಳಿದು ಒಣಗಿಸಿದರೆ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ಫಾಯಿಲ್ ಬಾಗಿಸಿದೊಡನೆ ಹಕ್ಕಳೆಯೆದ್ದು ಉದುರಿತು.

ಅವರ ಪರವಾಗಿ ಒಂದು ಮಾತನ್ನು ಒಪ್ಪಲೇಬೇಕು. ಲಿಥಿಯಮ್ ಸಾಗಬೇಕಾದ ದೂರ ಹತ್ತು ಪಟ್ಟು ಕಡಿಮೆಯಾದರೆ ಹಿಡಿಯುವ ಕಾಲ ನೂರು ಪಟ್ಟು ಕಡಿಮೆಯಾಗುತ್ತದೆ. ತೆಳು ಎಸಳಿನ ಬಲವೇ ಅದು. ಆದರೆ ಎಸಳು ಎಸಳಾಗಿ ಉಳಿಯುವುದು ಎಷ್ಟು ಹೊತ್ತು?

ಇದಕ್ಕಾಗಿಯೇ ನಾನು ಪದೇ ಪದೇ ಮರಳುವುದು 2000ದ ‘ನೇಚರ್’ ಪ್ರಬಂಧಕ್ಕೆ. ಫ್ರಾನ್ಸಿನ ಅಮಿಯಾನಲ್ಲಿ ಪ್ವಾಜೊ, ತರಾಸ್ಕಾನ್ ಮತ್ತು ಸಂಗಡಿಗರು ಮಾಡಿದ ಕೆಲಸ. ಕೋಬಾಲ್ಟ್, ನಿಕ್ಕಲ್, ತಾಮ್ರ, ಕಬ್ಬಿಣದ ಆಕ್ಸೈಡ್‌ಗಳಿಂದ ಗ್ರಾಂಗೆ ಸುಮಾರು 700 ಮಿಲಿಆಂಪ್-ಗಂಟೆ ಪಡೆದು, 100 ಸುತ್ತುಗಳವರೆಗೂ ಅದನ್ನು ಉಳಿಸಿಕೊಂಡು ತೋರಿಸಿದರು. ನನ್ನನ್ನು ಹಿಡಿದಿಟ್ಟದ್ದು ಕೋಬಾಲ್ಟ್ ಆಕ್ಸೈಡಿನ ಕಣದೊಳಗೆ ಅವರು ಕಂಡ ನೋಟ. ಲಿಥಿಯಮ್ ಹೊಕ್ಕಾಗ ಮೂಲ ಹರಳು ಪೂರ್ತಿ ಕರಗಿಹೋಗಿ, ಕೆಲವೇ ನ್ಯಾನೊಮೀಟರ್‌ನ ಲೋಹದ ಕಾಳುಗಳು ಲಿಥಿಯಮ್ ಆಕ್ಸೈಡಿನಲ್ಲಿ ಹುದುಗಿ ನಿಲ್ಲುತ್ತವೆ. ಕಣದ ಹೊರಗಿನ ಗೆರೆ ಮಾತ್ರ ಹಾಗೆಯೇ ಇರುತ್ತದೆ. ಊರು ಕೆಡವಿ ಕೋಟೆ ಉಳಿಸಿದ ಹಾಗೆ.

ಒಳಗಿನ ನುಣುಪನ್ನು ಲಿಥಿಯಮ್ಮೇ ಅರೆದು ಕೊಡುತ್ತದೆ ಎಂದಾದರೆ, ನಮ್ಮ ಪಾಲಿಗೆ ಉಳಿದ ಕೆಲಸ ಖಾಲಿ ಜಾಗವನ್ನು ಎಲ್ಲಿಡಬೇಕೆಂದು ತೀರ್ಮಾನಿಸುವುದು. ಈ ಕ್ರಿಯೆಯಲ್ಲಿ ಕಬ್ಬಿಣದ ಆಕ್ಸೈಡ್ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹೂವಿನಲ್ಲಿ ಖಾಲಿ ಜಾಗವೆಲ್ಲ ಎಸಳುಗಳ ನಡುವೆ, ಹೊರಗೆ ತೆರೆದುಕೊಂಡಿದೆ. ಅಲ್ಲಿಗೆ ಎಲೆಕ್ಟ್ರೊಲೈಟ್ ನುಗ್ಗುತ್ತದೆ. ಪ್ರತಿ ಎಸಳಿನ ಮೈಮೇಲೂ ಪೊರೆ ಕಟ್ಟುತ್ತದೆ. ಮೊದಲ ಸುತ್ತಿನಲ್ಲೇ ಒಂದಷ್ಟು ಲಿಥಿಯಮ್ ಮರಳಿ ಬಾರದಂತೆ ಸಿಕ್ಕಿಬೀಳುತ್ತದೆ. ನನ್ನ ಮತ ನುಣ್ಣನೆಯ ಕಾಳುಗಳು ಸೇರಿ ಕಟ್ಟಿದ ಮೈಕ್ರಾನ್ ಚೆಂಡಿಗೆ: ಹೊರಮೈ ಬಿಗಿ, ಒಳಗೆ ಸಣ್ಣ ರಂಧ್ರಗಳು. ಹಿಗ್ಗುವುದೆಲ್ಲ ಒಳಕ್ಕೇ ಹಿಗ್ಗಲಿ.

ಹಾಗಿದ್ದೂ ಆಕಾರಕ್ಕೆ ಬಗ್ಗದ ತೊಡಕೊಂದಿದೆ. ಇಂಥ ಆಕ್ಸೈಡ್‌ಗಳಲ್ಲಿ ಚಾರ್ಜ್ ಮತ್ತು ಡಿಸ್ಚಾರ್ಜ್ ವೋಲ್ಟೇಜ್‌ಗಳ ನಡುವೆ ಸುಮಾರು ಒಂದು ವೋಲ್ಟ್ ಅಂತರ ಬೀಳುತ್ತದೆ, ತುಂಬಿದ ಶಕ್ತಿಯ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಕಡ್ಡಿ, ಚೆಂಡು, ಹೂವು ಮೂರರ ಗ್ರಾಫನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ ಅಂತರ ಮೂರರಲ್ಲೂ ಬಾಯಿ ತೆರೆದೇ ಇತ್ತು.