ನಿಜದ ಹಾಗೆ ಕಂಡರೆ ನಿಜವೇ?

ಹೊಸ ವಿಡಿಯೋ ಗೇಮ್ ಬಂತು ಅಂದಕೂಡಲೇ ಎಲ್ಲರೂ ಕೇಳೋ ಮೊದಲ ಪ್ರಶ್ನೆ, ಗ್ರಾಫಿಕ್ಸ್ ಹೇಗಿದೆ? ಇದರ ಅರ್ಥ, ಎಷ್ಟು ನಿಜದ ಹಾಗೆ ಕಾಣುತ್ತೆ ಅಂತ. ಸೈನಿಕನ ಹಣೆಯ ಬೆವರು, ಒದ್ದೆ ರಸ್ತೆಯ ಮೇಲಿನ ದೀಪದ ಬೆಳಕು, ಗೋಡೆಯ ಬಿರುಕು ಕಂಡರೆ ಗೇಮ್ ಪಾಸಾದ ಹಾಗೆ. ಹೈದರಾಬಾದಿನ ಕೂಕಟ್‌ಪಲ್ಲಿಯ ಹಾಸ್ಟೆಲುಗಳಲ್ಲಿ ಬೀದರ್, ಕಲಬುರಗಿ, ರಾಯಚೂರಿನಿಂದ ಓದಲು, ದುಡಿಯಲು ಬಂದ ಹುಡುಗರ ಮಾತಿನಲ್ಲೂ ಇದೇ ಅಳತೆಗೋಲು. ಈ ಅಳತೆಗೋಲಿನ ಬಗ್ಗೆ ನನಗೆ ತಕರಾರಿದೆ. ನಿಜದ ಹಾಗೆ ಕಾಣೋದು ಬೇರೆ, ನಿಜ ಹೇಳೋದು ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡಾಗ ನಷ್ಟ ಅನುಭವಿಸುವವರಲ್ಲಿ ನಾವೂ ಇದ್ದೇವೆ.

ಒಂದು ಉದಾಹರಣೆ ನೋಡೋಣ. 2009ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಆ ಕಾಲಕ್ಕೆ ದೃಶ್ಯದ ನೈಜತೆಗೆ ಹೆಸರಾಗಿತ್ತು. ಅದರಲ್ಲಿ ಕರಾಚಿ ನಗರದ ಒಂದು ಯುದ್ಧಭೂಮಿ ಇದೆ. ಧೂಳು, ಹೊಗೆ, ಒಡೆದ ಕಟ್ಟಡ ಎಲ್ಲವೂ ಕಣ್ಣಿಗೆ ಕಟ್ಟುವಂತಿದೆ. ಆದರೆ ಅಂಗಡಿಗಳ ಫಲಕಗಳ ಮೇಲೆ ಇರೋದು ಅರಬಿ! ಕರಾಚಿಯ ಬೀದಿಯ ಭಾಷೆ ಉರ್ದು ಅನ್ನೋದು ಹೈದರಾಬಾದಿನ ಆಟೋ ಚಾಲಕನಿಗೂ ಗೊತ್ತು. ಇಟ್ಟಿಗೆಯ ಸವೆತವನ್ನು ಅಷ್ಟು ಶ್ರದ್ಧೆಯಿಂದ ಮಾಡಿದವರಿಗೆ ಅಲ್ಲಿನ ಜನ ಯಾವ ಭಾಷೆ ಓದುತ್ತಾರೆ ಅಂತ ವಿಚಾರಿಸುವ ವ್ಯವಧಾನ ಇರಲಿಲ್ಲ. ಆ ಊರು ಅವರಿಗೆ ಗುಂಡು ಹಾರಿಸೋ ಜಾಗ ಮಾತ್ರ. ಉರ್ದು ಬಾರದ ಆಟಗಾರನಿಗೆ ಈ ಸುಳ್ಳು ಗೊತ್ತಾಗೋದೇ ಇಲ್ಲ. ಮುಸ್ಲಿಂ ಊರು ಅಂದರೆ ಹೀಗೇ ಇರುತ್ತೆ ಅಂತ ನಂಬಿಬಿಡುತ್ತಾನೆ.

ಫೋಟೋದಂತೆ ಕಾಣೋ ಚಿತ್ರದ ಅಪಾಯ ಇದು. ಅದು ತನ್ನನ್ನು ಮಾಡಿದವನನ್ನು ಮರೆಮಾಡುತ್ತದೆ. ಕೈಯಿಂದ ಬರೆದ ಚಿತ್ರ ಮಾತ್ರ 'ಒಬ್ಬರು ನನ್ನನ್ನು ಕಲ್ಪಿಸಿದ್ದಾರೆ' ಅಂತ ಮೊದಲೇ ಒಪ್ಪಿಕೊಳ್ಳುತ್ತದೆ. ಆಗ ಅದರ ಜೊತೆ ಜಗಳ ಆಡೋಕೂ ನಮಗೆ ಜಾಗ ಸಿಗುತ್ತದೆ.

ಕಲ್ಪನೆಗೆ ದೊಡ್ಡ ಯಂತ್ರ ಬೇಕಿಲ್ಲ ಅನ್ನೋದಕ್ಕೆ 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಸಾಕ್ಷಿ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡೋದನ್ನು, ಜಿಗಿಯೋದನ್ನು ವಿಡಿಯೋ ಮಾಡಿ, ಅದರ ಮೇಲೆ ಗೆರೆ ಎಳೆದು ರಾಜಕುಮಾರನ ಚಲನೆ ರೂಪಿಸಿದ. ಆಪಲ್ 2 ಕಂಪ್ಯೂಟರಿನಲ್ಲಿ ಇನ್ನೊಬ್ಬ ವೈರಿಯ ಚಿತ್ರ ಇಡಲು ಮೆಮೊರಿಯೇ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಸ್ವಲ್ಪ ತಿರುಚಿ, ಕನ್ನಡಿಯಿಂದ ಹೊರಬರುವ ನೆರಳು-ಮನುಷ್ಯನನ್ನು ಮಾಡಿದ. ಕೊರತೆಯಿಂದ ಹುಟ್ಟಿದ ಆ ನೆರಳೇ ಆಟದ ನೆನಪಿನಲ್ಲಿ ಉಳಿಯೋ ಪಾತ್ರವಾಯಿತು.

ಹೈದರಾಬಾದಿನಲ್ಲೇ ಇಂಥ ಕೆಲಸ ನಡೆದಿದೆ. ಇಲ್ಲಿನ ಓಗರ್ ಹೆಡ್ ಸ್ಟುಡಿಯೋ 2017ರಲ್ಲಿ 'ಅಸುರ' ಅನ್ನೋ ಗೇಮ್ ಹೊರತಂದಿತು. ಅದರ ಸ್ಥಾಪಕ ಝೈನುದ್ದೀನ್ ಫಹಾದ್. ಇಲ್ಲಿ ನಾಯಕ ಸೇಡಿಗೆ ಹೊರಟ ಅಸುರ. ಚಿತ್ರಗಳೆಲ್ಲ ಕೈಬರಹದ ಶೈಲಿಯವು, ಗಾಢ ಬಣ್ಣದವು. ದೊಡ್ಡ ಕಂಪನಿಗಳ ಬಜೆಟ್ಟಿನ ಎದುರು ನೈಜತೆಯ ಪಂದ್ಯಕ್ಕೆ ಇಳಿದಿದ್ದರೆ ಇಂಥ ಸಣ್ಣ ತಂಡ ಸೋಲುತ್ತಿತ್ತು. ಪುರಾಣವನ್ನು ಸೋತವನ ಕಡೆಯಿಂದ ನೋಡಿದ್ದೇ ಅದರ ಬಂಡವಾಳ. 2020ರಲ್ಲಿ ಪುಣೆಯಿಂದ ಬಂದ 'ರಾಜಿ' ಕೂಡ ಪಹಾಡಿ ಚಿತ್ರಕಲೆಯನ್ನೂ ನೆರಳು ಬೊಂಬೆಗಳನ್ನೂ ನೆಚ್ಚಿಕೊಂಡಿತು.

ನಮ್ಮವರಿಗೆ ಇದು ಹೊಸತೇನೂ ಅಲ್ಲ. ಬಿದ್ರಿ ಕೆಲಸ ನೋಡಿ. ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿಯ ಹೂ ಯಾವ ತೋಟದಲ್ಲೂ ಅರಳೋದಿಲ್ಲ. ಹಾಗಂತ ಅದು ಹೂವಲ್ಲ ಅಂತ ಯಾರೂ ಹೇಳಿಲ್ಲ.

ಹಾಗಾದರೆ ನೈಜ ಗ್ರಾಫಿಕ್ಸ್ ಕೆಟ್ಟದ್ದೇ? ಖಂಡಿತ ಅಲ್ಲ. ಕಾರು ಓಡಿಸೋ ಆಟಕ್ಕೆ ಅದು ಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ 'ಫೋರ್ಜಾ' ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಆ ಕೈಚಳಕ ಸಣ್ಣದಲ್ಲ. ಇತ್ತ ಶೈಲಿಯೂ ಸುಳ್ಳು ಹೇಳಬಲ್ಲದು. ಮೆಕ್ನರನ ಪರ್ಷಿಯಾ ಕೂಡ ದುಷ್ಟ ವಜೀರ, ಸೆರೆಯಾದ ರಾಜಕುಮಾರಿ ಇರೋ ಹಳೇ ಪಾಶ್ಚಾತ್ಯ ಕನಸೇ. ಆದರೆ ಅದನ್ನು ನೋಡಿ ಇರಾನ್ ಹೀಗೇ ಇದೆ ಅಂತ ನಂಬುವವರು ಕಡಿಮೆ. ಕರಾಚಿಯ ವಿಷಯದಲ್ಲಿ ಹಾಗೆ ಹೇಳಲಾಗದು.

ನಮ್ಮ ಹುಡುಗ ಹುಡುಗಿಯರು ಸಾಫ್ಟ್‌ವೇರ್ ಕಲಿತು ಬೇರೆಯವರ ಕತೆಗೆ ಧೂಳು, ಬಿರುಕು ಬರೆದುಕೊಡೋದರಲ್ಲಿ ಪರಿಣತರಾಗುತ್ತಿದ್ದಾರೆ. ಸಂಬಳ ಬರುತ್ತೆ, ಒಳ್ಳೆಯದೇ. ಆದರೆ ಬೀದಿಯ ಫಲಕದ ಮೇಲೆ ಯಾವ ಭಾಷೆ ಇರಬೇಕು ಅಂತ ನಿರ್ಧರಿಸೋ ಕುರ್ಚಿಯಲ್ಲೂ ಅವರು ಕೂರಬೇಕು. ಅಲ್ಲಿಗೆ ಕರೆದೊಯ್ಯೋದು ಗ್ರಾಫಿಕ್ಸ್ ಕಾರ್ಡಿನ ತಾಕತ್ತಲ್ಲ, ಹೇಳಲು ಸ್ವಂತ ಕತೆ ಇರೋ ಕಣ್ಣು.